ಕೂಸಿಗೆ ಫ್ರೆಂಚ್ ಬಿಡಿಸಬೇಡಿ

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ರಜೆಗೆ ಕಾರವಾರಕ್ಕೆ ಬಂದಿದ್ದೇನೆ, ಅಮ್ಮನ ಮನೆಯಲ್ಲಿದ್ದೇನೆ. ಅಂಕೋಲೆಯಿಂದ ಕರಿ ಇಶಾಡು ಮಾವಿನಹಣ್ಣು ಬಂದಿತ್ತು. ಎರಡು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನೀವು ಕೇಳಿದ್ದು ಇಷ್ಟು. ಜುಲೈನಲ್ಲಿ ಶಿರಸಿ ಬಿಟ್ಟು ಕೆನಡಾದ ಒಂಟಾರಿಯೋಗೆ ಹೊರಟಿದ್ದೀರಿ. ಕೂಸಿನದ್ದು ಎಂಟನೇ ಕ್ಲಾಸ್ ಮುಗಿದಿದೆ. ಅಲ್ಲಿ ಹೈಸ್ಕೂಲಿನಲ್ಲಿ ಫ್ರೆಂಚ್ ಕಡ್ಡಾಯವಂತೆ, ಇವಳಿಗೆ ಅದರ ಗಂಧಗಾಳಿ ಇಲ್ಲ, ಹೇಗಾದರೂ ಬಿಡಿಸಬಹುದಾ ಅಕ್ಕಾ?

ಬಿಡಿಸಬಹುದು. ಆದರೆ ಬಿಡಿಸಬೇಡಿ.

ಮೊದಲು ನಿಯಮ ಹೇಳಿಬಿಡುತ್ತೇನೆ. ಅಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡು. ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪತ್ರ, ಕೈಗೆ ಸಿಗಲು 30 ಕ್ರೆಡಿಟ್ ಬೇಕು (ಒಂದು ಕೋರ್ಸ್ ಪಾಸಾದರೆ ಒಂದು ಕ್ರೆಡಿಟ್ ಅಂದುಕೊಳ್ಳಿ), ಅದರಲ್ಲಿ ಒಂದು ಫ್ರೆಂಚ್. ಹೆಚ್ಚಿನವರು ಒಂಬತ್ತರಲ್ಲೇ ಮುಗಿಸಿಕೊಳ್ಳುತ್ತಾರೆ. ಅಲ್ಲಿಯ ಮಕ್ಕಳು ನಾಲ್ಕನೇ ಕ್ಲಾಸಿನಿಂದ ಕಲಿತಿರುತ್ತಾರೆ. ಎಂಟು ಮುಗಿಯುವಾಗ 600 ಗಂಟೆ ಪಾಠ ಆಗಿರಬೇಕು ಅಂತ ಲೆಕ್ಕ. ಬೇಕೇ ಬೇಕು ಅನ್ನಿಸಿದರೆ ಪ್ರಿನ್ಸಿಪಾಲರು ಬದಲಿಗೆ ಬೇರೆ ವಿಷಯ ಕೊಡಬಹುದು. ನೀವೇನಾದರೂ ಪಕ್ಕದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್‌ಗೆ ಹೊರಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಲ್ಲಿ 1977ರ ಭಾಷಾ ಕಾನೂನಿನಿಂದಾಗಿ ಹೊರಗಿನಿಂದ ಬಂದು ನೆಲೆಸಿದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಗಣಿತವೂ ಫ್ರೆಂಚಿನಲ್ಲೇ.

ಈಗ ನಾನು ಮಾಡಿದ ತಪ್ಪು. ನಾವು ಒಂಟಾರಿಯೋಗೆ ಹೋಗಿ ಮಗ ಒಂಬತ್ತಕ್ಕೆ ಸೇರಿದಾಗ ಗೈಡೆನ್ಸ್ ಕೌನ್ಸೆಲರ್ ಕೇಳಿದರು, ಫ್ರೆಂಚ್ ಬಿಡುತ್ತಾನಾ ಅಂತ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಹೂಂ ಅಂದೆ. ಹುಡುಗನಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಆ ವರ್ಷ ಅವನು ಶಾಲೆಯಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಇಂಗ್ಲಿಷ್ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಸುತ್ತ ಎಲ್ಲರೂ ಪಟಪಟ ಮಾತಾಡುವವರು. ಇವನು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತಿತ್ತು. ಹತ್ತನೇ ಕ್ಲಾಸಿಗೆ ಬಂದ ಮೇಲೆ ಗೆಳೆಯನೊಬ್ಬನ ಕಾಟಕ್ಕೆ, ಹೊಸಬರೂ ಸೇರಬಹುದಾದ ಓಪನ್ ಮಟ್ಟದ ಫ್ರೆಂಚ್ ಕ್ಲಾಸಿಗೆ ತಾನೇ ಹೆಸರು ಕೊಟ್ಟ. ಎರಡನೇ ವಾರ ಮನೆಗೆ ಬಂದು ಹೇಳಿದ: "ಅಮ್ಮಾ, ಅಲ್ಲಿ ಎಲ್ಲರ ಆಕ್ಸೆಂಟೂ ಕೆಟ್ಟದೇ!"

ನನಗೆ ಆಗ ತಲೆಗೆ ಹೋಯಿತು. ಐದು ವರ್ಷ ಕಲಿತ ಮಕ್ಕಳಿಗೂ 'ನಿನ್ನೆ ಏನು ತಿಂದೆ' ಅಂತ ಫ್ರೆಂಚಿನಲ್ಲಿ ಕೇಳಿದರೆ ಬೆವರು ಬರುತ್ತದೆ. ಇಡೀ ಶಾಲೆಯಲ್ಲಿ ಅದೊಂದೇ ಕೋಣೆಯಲ್ಲಿ ಎಲ್ಲರೂ ತೊದಲುವವರು. ನಿಮ್ಮ ಕೂಸು ಅಲ್ಲಿ ಒಂಟಿಯಾಗುವುದಿಲ್ಲ. ಅಂಥ ಕೋಣೆಯಿಂದಲೇ ನಾನು ಮಗನನ್ನು ಒಂದು ವರ್ಷ ಹೊರಗಿಟ್ಟಿದ್ದೆ.

ಇನ್ನು ಭಾಷೆ ಕಷ್ಟವಾ? ನಮ್ಮ ಜಿಲ್ಲೆಯ ಮಕ್ಕಳಿಗೆ ಅಷ್ಟೇನಿಲ್ಲ. ಫ್ರೆಂಚಿನಲ್ಲಿ 'ತ್ಯು' ಅಂದರೆ ನೀನು, 'ವೂ' ಅಂದರೆ ನೀವು. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಟೀಚರ್‌ಗೆ ಯಾವುದು, ಗೆಳತಿಗೆ ಯಾವುದು ಅಂತ ವಾರಗಟ್ಟಲೆ ಗೊಂದಲ. ನಮ್ಮ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾ? ವಸ್ತುಗಳಿಗೂ ಗಂಡು ಹೆಣ್ಣು ಇದೆ, ಆದರೆ ಹಿಂದಿ ಓದಿದವಳು ಆ ಪೆಟ್ಟು ಆಗಲೇ ತಿಂದಿದ್ದಾಳೆ. ಮೇಜು ಎರಡರಲ್ಲೂ ಹೆಣ್ಣು. ಪುಸ್ತಕ ಹಿಂದಿಯಲ್ಲಿ ಹೆಣ್ಣು, ಫ್ರೆಂಚಿನಲ್ಲಿ ಗಂಡು. ಯಾಕೆ ಅಂತ ಕೇಳಬಾರದು, ಬಾಯಿಪಾಠ ಅಷ್ಟೇ.

ಮೊನ್ನೆ ಮಗ ಅಡುಗೆಮನೆಯಲ್ಲಿ ಅಜ್ಜಿಗೆ ಪಾಠ ಶುರು ಮಾಡಿದ. ಅಜ್ಜಿ ಬಂಗಡೆ ಸ್ವಚ್ಛ ಮಾಡುತ್ತಾ ಕೂತಿದ್ದರು. ಗೇರುಬೀಜ ತೋರಿಸಿ 'ಕಾಜೂ' ಅಂದ. ಅದು ಕೊಂಕಣಿ ಅಲ್ವೇನೋ, ಅಂದರು ಅಜ್ಜಿ. ಅನಾನಸ್ ಫ್ರೆಂಚಿನಲ್ಲೂ ಅನಾನಸ್ಸೇ. ಬಟಾಟೆಗೆ ಕ್ವಿಬೆಕ್ ಕಡೆಯವರು 'ಪತಾತ್' ಅನ್ನುತ್ತಾರೆ. ಪೋರ್ಚುಗೀಸರ ಕೈದಾಟಿ ಗೋವೆಯಿಂದ ನಮಗೆ ಬಂದ ಈ ಮಾತುಗಳು ಬೇರೆ ದಾರಿಯಲ್ಲಿ ಫ್ರೆಂಚರಿಗೂ ಸಿಕ್ಕಿವೆ. ಆಮೇಲೆ 'ಆಂಫಾಂ' ಹೇಳಿಸಿದ, ಮಗು ಅಂತ ಅರ್ಥ. ಅಲ್ಲಿ 'ನ್' ನಾಲಿಗೆಗೆ ತಾಗಬಾರದು, ಮೂಗಿನಲ್ಲೇ ನಿಲ್ಲಬೇಕು. ಅವನು ಇದಕ್ಕೆ ಮೂರು ತಿಂಗಳು ಒದ್ದಾಡಿದ್ದ. ಅಜ್ಜಿ ಮೀನಿನಿಂದ ತಲೆ ಎತ್ತದೆ ಒಂದೇ ಸಲಕ್ಕೆ ಹೇಳಿದರು. ದಿನಕ್ಕೆ ನೂರು ಸಲ 'ಹಾಂವ್' (ಕೊಂಕಣಿಯಲ್ಲಿ 'ನಾನು') ಅಂತ ಮೂಗಿನಲ್ಲಿ ಅನ್ನುವ ಬಾಯಿ ಅದು. "ಇದಕ್ಕೂ ಪರೀಕ್ಷೆ ಇಡ್ತಾರಾ?" ಅಂತ ಬೇರೆ ಕೇಳಿದರು. ನಿಮ್ಮ ಮನೆಯಲ್ಲಿ ಕೊಂಕಣಿ ಇಲ್ಲದಿದ್ದರೂ ಶಿರಸಿ ಪೇಟೆಯಲ್ಲಿ ಕಿವಿಗೆ ಬಿದ್ದೇ ಇರುತ್ತದೆ.

ನಿಜವಾದ ತಲೆನೋವು ಬರವಣಿಗೆ. ನಾವು ಬರೆದ ಹಾಗೆ ಓದುವವರು. ಅವರು ಐದಕ್ಷರ ಬರೆದು ಮೂರು ನುಂಗುತ್ತಾರೆ. ಲೆಕ್ಕವೂ ವಿಚಿತ್ರ: 80 ಅಂದರೆ 'ನಾಲ್ಕು ಇಪ್ಪತ್ತು', 97 ಅಂದರೆ 'ನಾಲ್ಕು ಇಪ್ಪತ್ತು ಹತ್ತು ಏಳು'. ಅಡಿಕೆ ಮಂಡಿಯಲ್ಲಿ ಹೀಗೆ ಎಣಿಸಿದರೆ ಯಾರಾದರೂ ಸುಮ್ನೆ ಬಿಡುತ್ತಾರಾ!

ಮಾಡಬೇಕಾದ್ದು ಜಾಸ್ತಿ ಇಲ್ಲ. ಶಾಲೆಯಲ್ಲಿ ಸೆಮಿಸ್ಟರ್ ಪದ್ಧತಿ ಇದ್ದರೆ ಫ್ರೆಂಚನ್ನು ಫೆಬ್ರವರಿಯಲ್ಲಿ ಶುರುವಾಗುವ ಎರಡನೇ ಅರ್ಧಕ್ಕೆ ಹಾಕಿಸಿ. ಸೆಪ್ಟೆಂಬರಿನಿಂದ ಅಷ್ಟು ತಿಂಗಳು ಕೈಗೆ ಸಿಗುತ್ತದೆ. ಓಪನ್ ಮಟ್ಟ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ಅವರಾಗಿ ಹೇಳಲಿ ಅಂತ ಕಾಯಬೇಡಿ. ಟ್ಯೂಷನ್‌ಗೆ ದುಡ್ಡು ಸುರಿಯಬೇಡಿ. ಕಾನೂನಿನ ಪ್ರಕಾರ ಅಂಗಡಿಯ ಪೊಟ್ಟಣಗಳ ಮೇಲೆ ಎರಡೂ ಭಾಷೆ ಇರುತ್ತದೆ. ಅಕ್ಕಿಚೀಲದ ಮೇಲೆ 'ರೀ', ಹಾಲಿನ ಮೇಲೆ 'ಲೇ', ತೆಂಗಿನಹಾಲಿನ ಡಬ್ಬಿಯ ಮೇಲೆ 'ಲೇ ದ ಕೊಕೊ'. ಸಾಮಾನು ಜೋಡಿಸುವ ಕೆಲಸ ಅವಳಿಗೇ ಬಿಡಿ.

ಇನ್ನೊಂದು, ಇದಕ್ಕೂ ಫ್ರೆಂಚಿಗೂ ಸಂಬಂಧ ಇಲ್ಲ. ಹೊರಡುವ ಮೊದಲು ಲಸಿಕೆ ಕಾರ್ಡ್ ಮತ್ತು ಮಾರ್ಕ್ಸ್ ಕಾರ್ಡಿನ ಇಂಗ್ಲಿಷ್ ಪ್ರತಿ ಮಾಡಿಸಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ನಾವು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿದ್ದೆವು, ಅದು ನಮಗಿಂತ ನಾಲ್ಕು ದಿನ ತಡವಾಗಿ ಬಂತು.