ಸಂಪಾದಕರ ಉತ್ತರ: ಶಿಲಾರಂಜಕ ಹಾಕಿದ್ದು ದಂಡವೇ?

ಪೆರ್ಲದ ಹತ್ತಿರದಿಂದ ಪತ್ರ ಬರೆದ ಕೃಷಿಕರಿಗೆ ನಮಸ್ಕಾರ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಎಳೆ ಅಡಿಕೆ ತೋಟದಲ್ಲಿ, ನೆಲ ಮುಚ್ಚಿ ಮಣ್ಣಿಗೆ ಸಾರಜನಕ ತರುವ ಪ್ಯುರೇರಿಯಾ ಬಳ್ಳಿಯ ಬೀಜ ಹಾಕಿದ್ದೀರಿ. ಜೊತೆಗೇ ಸುಣ್ಣ, ಶಿಲಾರಂಜಕ (ರಂಜಕ ಇರುವ ಕಲ್ಲಿನ ಪುಡಿ, ಅಂದರೆ ರಾಕ್ ಫಾಸ್ಫೇಟ್) ಎರಡನ್ನೂ ಎರಚಿದ್ದೀರಿ. ಎರಡು ತಿಂಗಳಾದರೂ ಬಳ್ಳಿ ಮೇಲೇಳಲಿಲ್ಲ. ಯೂರಿಯಾ, ಸೂಪರ್ ಫಾಸ್ಫೇಟ್ ಕೊಟ್ಟ ನೆರೆಯವರ ತೋಟದಲ್ಲಿ ಬಳ್ಳಿ ಸೊಂಪಾಗಿದೆ. ರಾಕ್ ಹಾಕಿದ್ದು ದಂಡವೇ ಎಂದು ಕೇಳಿದ್ದೀರಿ.

ದಂಡ ಅಲ್ಲ. ಆದರೆ ಸುಣ್ಣದ ಜೊತೆ ಹಾಕಬಾರದಿತ್ತು.

ಶಿಲಾರಂಜಕ ಬರೀ ನೀರಿಗೆ ಕರಗುವುದಿಲ್ಲ, ಅದಕ್ಕೆ ಹುಳಿ ಬೇಕು. ಮಣ್ಣಿನ ರಸಸಾರ (pH; ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿದ್ದರೆ ಅದು ಚೆನ್ನಾಗಿ ಕರಗುತ್ತದೆ. ಮಳೆಗೆ ತೊಳೆದುಹೋದ ನಮ್ಮ ಮುರಕಲ್ಲಿನ ಮಣ್ಣು ಹೆಚ್ಚಿನ ಕಡೆ ಹುಳಿಯೇ. ಸುಣ್ಣ ಆ ಹುಳಿಯನ್ನು ಇಳಿಸುತ್ತದೆ, ಮಣ್ಣಿನಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ. ಎರಡೂ ಶಿಲಾರಂಜಕ ಕರಗುವುದಕ್ಕೆ ಅಡ್ಡಿ. ತೋಟಕ್ಕೆ ಸುಣ್ಣ ಬೇಕೇ ಬೇಕೆಂದಿದ್ದರೆ ರಾಕ್ ಮೊದಲು ಹಾಕಿ, ಕರಗಲು ಕೆಲವು ತಿಂಗಳು ಬಿಟ್ಟು ಆಮೇಲೆ ಸುಣ್ಣ ಕೊಡಿ.

ಪ್ಯುರೇರಿಯಾದಂಥ ದ್ವಿದಳ ಜಾತಿಯ ಬಳ್ಳಿಗೂ ಶಿಲಾರಂಜಕಕ್ಕೂ ಒಳ್ಳೆಯ ಹೊಂದಾಣಿಕೆ ಇದೆ. ಗಾಳಿಯ ಸಾರಜನಕವನ್ನು ಹಿಡಿಯುವಾಗ ಇವುಗಳ ಬೇರು ಸುತ್ತಲಿನ ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ. ಕ್ಯಾಲ್ಸಿಯಂ ಅನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಹಾಗಾಗಿ ಹುಲ್ಲಿನ ಬೇರಿಗಿಂತ ಇವುಗಳ ಬೇರು ಕಲ್ಲಿನ ಪುಡಿಯನ್ನು ಚೆನ್ನಾಗಿ ಕರಗಿಸುತ್ತದೆ. ಸಿಕ್ಕಿದ ರಂಜಕ ಬೇರು ಬೆಳೆಯುವುದಕ್ಕೆ, ಸಾರಜನಕ ಹಿಡಿಯುವ ಬೇರಿನ ಗಂಟು ಕಟ್ಟುವುದಕ್ಕೆ ಹೋಗುತ್ತದೆ. ಎಲೆಯಲ್ಲಿ ಗುಣ ಕಾಣುವುದು ಆಮೇಲೆ. ಪ್ಯುರೇರಿಯಾ ಮೊದಲ ತಿಂಗಳುಗಳಲ್ಲಿ ಹೇಗೂ ನಿಧಾನ.

ನೆರೆಯವರ ಬಳ್ಳಿಯ ಹಸಿರಿನಲ್ಲಿ ಯೂರಿಯಾದ ಪಾಲು ದೊಡ್ಡದು. ಕೈಗೆ ಸಾರಜನಕ ಸಿಕ್ಕಿದ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಬಳ್ಳಿಯನ್ನು ನಾವು ಬೆಳೆಸುವುದು ಅದು ತಾನೇ ಸಾರಜನಕ ತರಲಿ ಎಂದು, ಅಲ್ವಾ? ಹಾಗಾಗಿ ಅವರನ್ನು ನೋಡಿ ನೀವೂ ಯೂರಿಯಾ ಹಾಕಬೇಡಿ.

ಒಂದು ಬುಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಸುಮ್ನೆ ಎಳೆದರೆ ಗಂಟು ಮಣ್ಣಲ್ಲೇ ಉಳಿಯುತ್ತದೆ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಬಳ್ಳಿ ಕೆಲಸ ಮಾಡುತ್ತಿದೆ, ಧೈರ್ಯವಾಗಿ ಕಾಯಿರಿ. ಬಿಳಿ ಅಥವಾ ಹಸಿರು ಇದ್ದರೆ, ಗಂಟೇ ಇಲ್ಲದಿದ್ದರೆ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ (ಗಂಟಿನೊಳಗಿದ್ದು ಸಾರಜನಕ ಹಿಡಿಯುವ ಸೂಕ್ಷ್ಮಾಣು) ಹಚ್ಚಿ ಬಿತ್ತಿ.

ಇನ್ನೊಂದು ಮಾತು. ರಂಜಕ ಮಣ್ಣಿನಲ್ಲಿ ಓಡಾಡುವುದಿಲ್ಲ. ನುಣ್ಣಗಿನ ಪುಡಿ ತಂದು, ಬಿತ್ತುವ ಸಾಲಿನಲ್ಲೇ ಮಣ್ಣಿಗೆ ಬೆರೆಸಬೇಕು. ಅದಕ್ಕೂ ಮೊದಲು ಕೃಷಿ ಭವನದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ. ವರ್ಷ ವರ್ಷ ಸುಣ್ಣ ಹಾಕಿ ರಸಸಾರ 6 ದಾಟಿದ್ದರೆ ನಿಮ್ಮ ತೋಟಕ್ಕೆ ನೀರಿಗೇ ಕರಗುವ ಸೂಪರ್ ಫಾಸ್ಫೇಟೇ ಸರಿ.