ರಾಜ್ಯಗಳ ಧ್ಯೇಯವಾಕ್ಯಗಳು

ಪ್ರಶ್ನೆ: ಕರ್ನಾಟಕದ ಲಾಂಛನದಲ್ಲಿ ‘ಸತ್ಯಮೇವ ಜಯತೇ’ ಎಂದಿದೆ. ಬೇರೆ ರಾಜ್ಯಗಳಿಗೆ ಸ್ವಂತ ಧ್ಯೇಯವಾಕ್ಯಗಳಿವೆಯೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮುಂಡಕೋಪನಿಷತ್ತಿನಿಂದ ಆಯ್ದ ಆ ವಾಕ್ಯ ಇಡೀ ದೇಶದ್ದು; 1956ರ ನವೆಂಬರ್ 1ರಂದು ಮೈಸೂರಿನೊಡನೆ ಸೇರುವ ಮೊದಲು ಕೊಡಗು ‘ಸಿ’ ವರ್ಗದ ಪ್ರತ್ಯೇಕ ರಾಜ್ಯವಾಗಿದ್ದಾಗಲೂ ರಾಷ್ಟ್ರದ ಧ್ಯೇಯವಾಕ್ಯ ಇದೇ ಆಗಿತ್ತು. ತಮಿಳುನಾಡು ಅದೇ ಆಶಯವನ್ನು ‘ವಾಯ್ಮೈಯೇ ವೆಲ್ಲುಂ’ ಎಂದು ತನ್ನ ನುಡಿಯಲ್ಲೇ ಬರೆಸಿಕೊಂಡಿರುವುದು ಮೆಚ್ಚತಕ್ಕದ್ದು. ಗೋವಾದ ಲಾಂಛನದಲ್ಲಿ, ಎಲ್ಲರೂ ಒಳಿತನ್ನೇ ಕಾಣಲಿ, ಯಾರೂ ದುಃಖಪಡದಿರಲಿ ಎಂಬ ಸಂಸ್ಕೃತ ಪ್ರಾರ್ಥನೆಯಿದೆ.

ಅಮೆರಿಕದ ಹವಾಯಿ ರಾಜ್ಯದ್ದು ನನಗೆ ಅತ್ಯಂತ ಪ್ರಿಯವಾದುದು: ‘ನೆಲದ ಜೀವ ಧರ್ಮದಿಂದಲೇ ಉಳಿಯುತ್ತದೆ.’ ಬ್ರಿಟಿಷ್ ನೌಕಾಧಿಕಾರಿಯೊಬ್ಬ ವಶಪಡಿಸಿಕೊಂಡಿದ್ದ ರಾಜ್ಯವು 1843ರಲ್ಲಿ ಮರಳಿ ದೊರೆತಾಗ ದೊರೆ ಮೂರನೆಯ ಕಮೆಹಮೆಹ ಆಡಿದನೆನ್ನಲಾದ ಈ ಮಾತು, 2018ರಲ್ಲಿ ಬೆಟ್ಟಗಳು ಕುಸಿದುದನ್ನು ಕಂಡ ಕೊಡಗಿನವರ ಮನಸ್ಸನ್ನು ನಿಶ್ಚಯವಾಗಿಯೂ ತಟ್ಟುತ್ತದೆ.