ಓದುಗರ ಪ್ರಶ್ನೆ, ನಮ್ಮ ಉತ್ತರ: ಕಯಪೊ ಕಾಡಿನಲ್ಲಿ ಕ್ಯಾಮೆರಾ

ಪ್ರಶ್ನೆ: ಮಾನವಶಾಸ್ತ್ರಜ್ಞರು ಬುಡಕಟ್ಟುಗಳ ನಡುವೆ ಹೋಗಿ ತೆಗೆಯುವ ಚಿತ್ರಗಳನ್ನು ನೋಡಿದಾಗಲೆಲ್ಲ, ಆ ಜನರನ್ನು ಪಟ್ಟಣದವರ ಕುತೂಹಲಕ್ಕೆ ಒಡ್ಡುವ ಕೆಲಸವಿದು ಎಂದೇ ನನಗೆ ಅನ್ನಿಸುತ್ತದೆ. ಅಂತಹ ಚಿತ್ರದಿಂದ ಆ ಜನರಿಗಾಗಲಿ, ಅವರ ಕಾಡಿಗಾಗಲಿ ಪ್ರಯೋಜನವಾದದ್ದುಂಟೇ?
— ಓದುಗರು, ಧಾರವಾಡ

ಉತ್ತರ: ತಮ್ಮ ಅನುಮಾನ ನಿರಾಧಾರವಲ್ಲ; ಇಂತಹ ಚಿತ್ರಗಳಲ್ಲಿ ಬಹಳಷ್ಟು ನೋಟಕ್ಕಷ್ಟೇ ಸೀಮಿತವಾಗಿವೆ. ಆದರೂ ಬ್ರೆಜಿಲಿನ ಕಯಪೊ ಜನರ ಉದಾಹರಣೆಯನ್ನು ಗಮನಿಸಬೇಕೆಂದು ನನ್ನ ಕೋರಿಕೆ.

ಕಯಪೊ ಜನರು ಅಮೆಜಾನಿನ ಉಪನದಿಯಾದ ಶಿಂಗು ನದಿಯ ಸೀಮೆಯವರು. ಅಮೆರಿಕದ ಮಾನವಶಾಸ್ತ್ರಜ್ಞ ಟೆರೆನ್ಸ್ ಟರ್ನರ್ ಅವರು 1962ರಲ್ಲಿ ಮೊದಲ ಬಾರಿಗೆ ಅಲ್ಲಿಗೆ ಹೋದರು. 2015ರಲ್ಲಿ ತೀರಿಕೊಳ್ಳುವವರೆಗೂ ಆ ನಂಟನ್ನು ಬಿಡಲಿಲ್ಲ. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ ಸಂಸ್ಥೆಯು ಕಯಪೊ ಜನರ ಬಗ್ಗೆ ಎರಡು ಸಾಕ್ಷ್ಯಚಿತ್ರಗಳನ್ನು ತೆಗೆದಾಗ ಅವರು ಸಲಹೆಗಾರರಾಗಿದ್ದರು. ಇಲ್ಲಿಯವರೆಗಿನದು ಸಾಮಾನ್ಯ ಕಥೆಯೇ. ಆದರೆ ಸಹಕರಿಸಿದ್ದಕ್ಕೆ ಪ್ರತಿಯಾಗಿ ಕಯಪೊ ಮುಖಂಡರು ವಿಡಿಯೊ ಕ್ಯಾಮೆರಾಗಳನ್ನು ಕೇಳಿ ಪಡೆದರು. ಅದಕ್ಕೂ ಕೆಲವು ವರ್ಷ ಮೊದಲೇ ಬ್ರೆಜಿಲಿನ ಸಂಶೋಧಕರಿಂದ ಅವರಲ್ಲಿ ಕೆಲವರು ಕ್ಯಾಮೆರಾ ಹಿಡಿಯುವುದನ್ನು ಕಲಿತಿದ್ದರು. ಅಧಿಕಾರಿಗಳು, ರಾಜಕಾರಣಿಗಳು ಕೊಟ್ಟ ಮಾತನ್ನು ಅವರು ಚಿತ್ರೀಕರಿಸಿ ಇಟ್ಟುಕೊಳ್ಳತೊಡಗಿದರು. ಮುಂದೆ ಯಾರಾದರೂ ಮಾತು ತಪ್ಪಿದರೆ ಎದುರಿಗಿಡಲು ಪುರಾವೆ ಬೇಕಿತ್ತು.

ಫೆಬ್ರುವರಿ 1989ರಲ್ಲಿ ಅಲ್ಟಮಿರಾ ಪಟ್ಟಣದಲ್ಲಿ, ಶಿಂಗು ನದಿಗೆ ಕಟ್ಟಲು ಉದ್ದೇಶಿಸಿದ್ದ ಅಣೆಕಟ್ಟುಗಳ ವಿರುದ್ಧ ನೂರಾರು ಮೂಲನಿವಾಸಿಗಳು ಸೇರಿದರು. ತುಯಿರಾ ಎಂಬ ಕಯಪೊ ಮಹಿಳೆ ಎದ್ದು ಬಂದು, ಸರ್ಕಾರಿ ವಿದ್ಯುತ್ ಸಂಸ್ಥೆಯ ಅಧಿಕಾರಿಯ ಕೆನ್ನೆಗೆ ಮಚ್ಚಿನ ಅಲಗನ್ನು ಮಟ್ಟಸವಾಗಿ ಒತ್ತಿದ ದೃಶ್ಯ ಲೋಕವೆಲ್ಲ ಹರಡಿತು. ಹೊರಗಿನಿಂದ ಬಂದ ಪತ್ರಕರ್ತರ ನಡುವೆ ಕಯಪೊ ಛಾಯಾಗ್ರಾಹಕರೂ ಇದ್ದರು. ತಾವು ಚಿತ್ರೀಕರಿಸುತ್ತಿರುವುದು ಪರರ ಕ್ಯಾಮೆರಾಗಳಿಗೆ ಕಾಣಬೇಕೆಂಬ ಅರಿವೂ ಅವರಿಗಿತ್ತು. ಗರಿಮುಡಿ ಧರಿಸಿ ಹೆಗಲ ಮೇಲೆ ಕ್ಯಾಮೆರಾ ಹೊತ್ತವನನ್ನು ಅಳಿದುಹೋಗುತ್ತಿರುವ ಜನಾಂಗದವನೆಂದು ಯಾರೂ ಮರುಗಲಾರರು. ವಿಶ್ವಬ್ಯಾಂಕ್ ಬ್ರೆಜಿಲಿನ ವಿದ್ಯುತ್ ಕ್ಷೇತ್ರಕ್ಕೆ ಕೊಡಬೇಕೆಂದಿದ್ದ ಸಾಲವನ್ನು ಆ ವರ್ಷ ಕೈಬಿಟ್ಟಿತು. ಅದಕ್ಕೆ ಚಿತ್ರವೊಂದೇ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಅದೇ ನದಿಯ ಮೇಲೆ, ಬದಲಾದ ವಿನ್ಯಾಸ ಮತ್ತು ಬೆಲೊ ಮೊಂಚೆ ಎಂಬ ಹೆಸರಿನಲ್ಲಿ ಅಣೆಕಟ್ಟು ಎದ್ದು 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು ಎಂಬುದನ್ನೂ ಮರೆಯುವಂತಿಲ್ಲ. ಕಯಪೊ ನಾಯಕರಲ್ಲೇ ಕೆಲವರು ತಮ್ಮ ಕಾಡಿನ ಮಹೋಗನಿ ಮರಗಳನ್ನು ಮಾರಿದ್ದೂ ಉಂಟು. ಅವರನ್ನು ಕಾಡಿನ ಋಷಿಗಳಂತೆ ತೋರಿಸುವ ಚಿತ್ರಗಳು ಈ ಭಾಗವನ್ನು ಬಿಟ್ಟುಬಿಡುತ್ತವೆ.

ಪ್ರಶ್ನೆ: ಸ್ವತಃ ಬುಡಕಟ್ಟಿನವರೇ ತೆಗೆದ ಚಿತ್ರಕ್ಕೂ ವಿದ್ವಾಂಸರು ತೆಗೆದ ಚಿತ್ರಕ್ಕೂ ಏನು ವ್ಯತ್ಯಾಸ? ಗಿಡಮರಗಳ ಬಗೆಗಿನ ಅವರ ತಿಳಿವಳಿಕೆ ಚಿತ್ರದಲ್ಲಿ ದಾಖಲಾಗಬಲ್ಲದೇ?
— ಓದುಗರು, ಶಿರಸಿ

ಉತ್ತರ: ವ್ಯತ್ಯಾಸ ಸಂಕಲನದ ಮೇಜಿನಲ್ಲಿ ಎದ್ದು ಕಾಣುತ್ತದೆ. 1990ರಲ್ಲಿ ಟರ್ನರ್ ಅವರು ಆರಂಭಿಸಿದ ಕಯಪೊ ವಿಡಿಯೊ ಯೋಜನೆಯಲ್ಲಿ, ಕಯಪೊ ಯುವಕರು ತಾವು ತೆಗೆದ ಚಿತ್ರಗಳನ್ನು ಸಾವ್ ಪಾವ್ಲೊ ನಗರದಲ್ಲಿ ತಾವೇ ಸಂಕಲಿಸಿದರು. ಮಕ್ಕಳಿಗೆ ಹೆಸರಿಡುವ ಮಹೋತ್ಸವದ ಚಿತ್ರವನ್ನು ಕೂಡಿಸುವಾಗ ಅವರು ಪ್ರತಿಯೊಂದು ಕುಣಿತವನ್ನೂ ಅದು ಮರಳಿ ಬಂದಷ್ಟು ಸಲವೂ ಉಳಿಸಿಕೊಂಡರು. ಟೆಲಿವಿಷನ್ನಿನವರಾಗಿದ್ದರೆ ಒಂದು ಸುತ್ತು ತೋರಿಸಿ ಮುಂದೆ ಹೋಗುತ್ತಿದ್ದರು. ಕಯಪೊ ಜನರಿಗೆ ಪುನರಾವರ್ತನೆ ಬೇಸರದ ಸಂಗತಿಯಲ್ಲ. ಪ್ರತಿ ಸುತ್ತಿನಲ್ಲೂ ಕುಣಿಯುವವರು ಹೆಚ್ಚುತ್ತಾರೆ, ತೊಡುಗೆ ಹೆಚ್ಚುತ್ತದೆ, ಯಾವುದನ್ನೂ ಬಿಡದೆ ಪೂರ್ತಿಗೊಳಿಸಿದಾಗಲೇ ಅದು ಅವರ ಕಣ್ಣಿಗೆ ಚೆಲುವು. (ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಎರಡೂವರೆ ತಾಸಿಗೆ ಇಳಿಸಿದಾಗ ಕಳೆದುಹೋಗುವುದೇನೆಂದು ಬಲ್ಲ ಶಿರಸಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.)

ತಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಆ ಉತ್ಸವದ ಅಡುಗೆಗೆ ಕಾಡಾಮೆಗಳು ಬೇಕು, ಅದಕ್ಕಾಗಿ ಗಂಡಸರು ದಿನಗಟ್ಟಲೆ ಕಾಡು ಸುತ್ತಬೇಕು. ಗರಿಮುಡಿಗೆ ಮಕಾವ್ ಗಿಣಿಗಳ ಗರಿ ಬೇಕು. ಮೈಗೆ ಬಳಿಯುವ ಕಪ್ಪಿಗೆ ಜೆನಿಪಾಪೊ ಕಾಯಿಯ ರಸ ಮತ್ತು ಇದ್ದಿಲು, ಕೈಕಾಲು ಹಾಗೂ ಮುಖದ ಕೆಂಪಿಗೆ ಉರುಕು ಬೀಜ ಬೇಕು. ಏನನ್ನೂ ಕತ್ತರಿಸದ ಉತ್ಸವದ ಚಿತ್ರವೆಂದರೆ, ಆ ಕಾಡಿನಲ್ಲಿ ಏನೇನು ಉಳಿದಿರಬೇಕು ಎಂಬುದರ ಪಟ್ಟಿಯೂ ಹೌದು ಎಂದು ನಾನು ಭಾವಿಸುತ್ತೇನೆ.

ಚಿತ್ರಕ್ಕೆ ಮಿತಿಯೂ ಇದೆ. ಗೊರೊಟಿರೆ ಎಂಬ ಕಯಪೊ ಹಳ್ಳಿಯಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಡ್ಯಾರೆಲ್ ಪೋಸಿ ಅವರು, ಹುಲ್ಲುಗಾವಲಿನ ನಡುವೆ ದ್ವೀಪಗಳಂತೆ ಕಾಣುವ ಮರಗಳ ಗುಂಪುಗಳನ್ನು ಕಯಪೊ ಜನರೇ ಗೆದ್ದಲು ಹುತ್ತದ ಮಣ್ಣು ಮತ್ತು ಗೊಬ್ಬರ ಹಾಕಿ ಬೆಳೆಸಿದ್ದಾರೆಂದು 1980ರ ದಶಕದಲ್ಲಿ ಬರೆದರು. ಅವು ತಾವಾಗಿ ಬೆಳೆದವು ಎಂದು ಇನ್ನೊಬ್ಬ ಸಂಶೋಧಕ ಯುಜೀನ್ ಪಾರ್ಕರ್ ಅವರು 1992ರಲ್ಲಿ ಪ್ರತಿವಾದ ಹೂಡಿದರು. ಕ್ಯಾಮೆರಾ ಮರವನ್ನು ತೋರಿಸಬಲ್ಲದು, ನೆಟ್ಟವರು ಯಾರೆಂದು ತೋರಿಸಲಾರದು. ಅದಕ್ಕೆ ವರ್ಷಗಟ್ಟಲೆ ಊರಿನಲ್ಲಿದ್ದು, ಭಾಷೆ ಕಲಿತು, ಕೇಳಿ ಬರೆದುಕೊಳ್ಳುವುದೇ ದಾರಿ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಸ್ಯಜ್ಞಾನದ ಬಗ್ಗೆ ಕಿರುಚಿತ್ರ ತೆಗೆಯಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
— ಓದುಗರು, ಚಾಮರಾಜನಗರ

ಉತ್ತರ: ಔಷಧಿ ಗಿಡಗಳಿಂದ ಆರಂಭಿಸಬೇಡಿ. ಯಾವ ಬೇರು ಯಾವ ಕಾಯಿಲೆಗೆ, ಅದು ಎಲ್ಲಿ ಸಿಗುತ್ತದೆ ಎಂಬುದು ಒಮ್ಮೆ ಪರದೆಯ ಮೇಲೆ ಬಂದರೆ ಅದನ್ನು ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಅದರ ಬದಲು ತರಗು ಬೆಂಕಿಯ ಬಗ್ಗೆ ಹಿರಿಯರನ್ನು ಕೇಳಿ. ಬೇಸಿಗೆ ಬಲಿಯುವ ಮೊದಲೇ ಒಣಗಿದ ಎಲೆಗಳಿಗೆ ಸಣ್ಣ ಬೆಂಕಿ ಹಾಕುವ ಪದ್ಧತಿ ಸೋಲಿಗರಲ್ಲಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿದ್ದಕ್ಕೂ, ನೆಲ್ಲಿ ಮರಗಳಿಗೆ ಬದನಿಕೆ ಎಂಬ ಪರಾವಲಂಬಿ ಗಿಡ ಹೆಚ್ಚಾಗಿ ತಗಲಿದ್ದಕ್ಕೂ ಇದೇ ಕಾರಣವೆಂದು ಸೋಲಿಗರು ಹೇಳುತ್ತಾರೆ. ಇದು ಬಚ್ಚಿಡುವ ಗುಟ್ಟಲ್ಲ, ಅವರು ಬಹಿರಂಗವಾಗಿ ಮಂಡಿಸುತ್ತಿರುವ ವಾದ. ಅದನ್ನು ಹೇಳುವುದಕ್ಕೆ ಚಿತ್ರ ಅವರಿಗೂ ಬೇಕಾಗಬಹುದು. ಹೋಗುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಪೋಡಿನವರ (ಪೋಡು ಎಂದರೆ ಸೋಲಿಗರ ಹಾಡಿ) ಒಪ್ಪಿಗೆಯನ್ನು ಅದಕ್ಕಿಂತ ಮೊದಲು ಕೇಳಿ. ಸಂಕಲನದ ಮೊದಲ ಕರಡನ್ನು ಅಧ್ಯಾಪಕರಿಗೆ ತೋರಿಸುವ ಮುಂಚೆ ಪೋಡಿನಲ್ಲೇ ಗೋಡೆಯ ಮೇಲೆ ಬಿಟ್ಟು ತೋರಿಸಿ, ಅವರು ತೆಗೆಯಿರಿ ಎಂದದ್ದನ್ನು ತೆಗೆಯಿರಿ, ಮುಗಿದ ಮೇಲೆ ಒಂದು ಪ್ರತಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.